ಚೌಕಾಸಿ ಮಾಡದೆ ತಂದ ಬಟ್ಟೆ

ಶಿರಾದ ಮಿಡ್ಲ್‌ಸ್ಕೂಲ್ ಮೇಷ್ಟರು ಮರುಳಸಿದ್ದಯ್ಯ ಹರಾಜಿನಲ್ಲಿ ಒಂದು ಊಟದ ಟೇಬಲ್ಲನ್ನು ಗೆದ್ದು ತಂದ ದಿನದಿಂದ ಅವರ ಹೆಂಡತಿ ಸಿದ್ದಗಂಗಮ್ಮನಿಗೆ ನೆಮ್ಮದಿಯಿಲ್ಲ. ಟೇಬಲ್ಲಿನ ಮೈತುಂಬ ಶಾಯಿಯ ಕಲೆ. ನಟ್ಟನಡುವೆ ಯಾರೋ ಬಿಸಿ ಪಾತ್ರೆ ಇಟ್ಟು ಸುಟ್ಟ ದುಂಡು ಗಾಯ. ಭಾನುವಾರ ಮಧ್ಯಾಹ್ನ ಸ್ಕೂಲ್ ಇನ್‌ಸ್ಪೆಕ್ಟರು ಅದರ ಮೇಲೆಯೇ ಭೋಜನ ಸ್ವೀಕರಿಸಬೇಕೆಂಬುದು ಯಜಮಾನರ ಮಹಾಸಂಕಲ್ಪ. (ಇನ್‌ಸ್ಪೆಕ್ಟರಿಗೆ ಮಂಡಿನೋವು, ನೆಲಕ್ಕೆ ಕೂತರೆ ಏಳಲಾರರು. ಮೇಷ್ಟರಿಗೆ ಹೆಡ್‌ಮಾಸ್ಟರಾಗುವ ಆಸೆ.) ಆದ್ದರಿಂದ ಟೇಬಲ್ಲಿಗೆ ಬಟ್ಟೆ ಬೇಕು.

ಅತ್ತೆ ಶಿವರುದ್ರಮ್ಮ ವಾರದಿಂದ ಜ್ವರ ಬಂದು ನಡುಮನೆಯ ಕೋಣೆಯಲ್ಲಿ ಮಲಗಿದ್ದರು. ಜ್ವರ ಗಂಟಲಿಗೆ ತಾಗಿರಲಿಲ್ಲ.

"ಉಂಡ ಜಾಗಾನ ಸಗಣಿ ಹಾಕಿ ಸಾರಿಸ್ಬೇಕು ಕಣಮ್ಮ. ಬಟ್ಟೆನ ಹೆಂಗೆ ಸಾರಿಸ್ತೀಯೆ?"

"ಒಗೀತೀನಿ ಅತ್ತೆ."

"ದಿನಾ?"

"ದಿನಾ."

"ನಿನ್ನ ಮಗೀನ ಬಟ್ಟೆ ಒಗಿಯಾಕೇ ನಿಂಗೆ ಹೊತ್ತಿಲ್ಲ!"

ಅದು ನಿಜವೇ. ಸಿದ್ದಗಂಗಮ್ಮ ಮಗಳನ್ನು ಕಾಲಮೇಲೆ ಮಲಗಿಸಿಕೊಂಡು ತನ್ನ ದಿನಚರಿಯ ಹಾಳೆಯಲ್ಲಿ ಬರೆದುಕೊಳ್ಳುತ್ತ ಗಂಭೀರವಾಗಿ ವಿಚಾರ ನಡೆಸಿದಳು. ಮೇಣಬಟ್ಟೆ ಬಿಸಿ ಅನ್ನದ ಪಾತ್ರೆಗೆ ಅಂಟಿಕೊಂಡು ಎದ್ದು ಬರುತ್ತದೆ. ಹೂವಿನ ಚೀಟಿಬಟ್ಟೆಯಾದರೆ ಮೊದಲ ಒಗೆತಕ್ಕೇ ಹೂವೆಲ್ಲ ಯಜಮಾನರ ಪಂಚೆಯ ಮೇಲೆ ಅರಳುತ್ತವೆ. ಹಳೇ ಸೀರೆ ಹಾಸಿದರೆ ಅತ್ತೆ ಆ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಬಿಳಿ ಬಟ್ಟೆಯೊಂದೇ ಸರಿ: ಸೋಡಾ ಹಾಕಿ ಕುದಿಸಬಹುದು, ಬೆಲೆ ಕಡಿಮೆ, ಸವೆದ ಮೇಲೆ ಮಗುವಿಗೆ ಲಂಗೋಟಿಯಾಗುತ್ತದೆ.

ಭಾನುವಾರ ಬೆಳಿಗ್ಗೆ ಮಗುವನ್ನು ಸೊಂಟಕ್ಕೇರಿಸಿ ಅಹಮದ್ ಷರೀಫರ ಜವಳಿ ಅಂಗಡಿಗೆ ಹೋದಳು. ಮಗುವಿಗೆ ಹಲ್ಲು ಬರುತ್ತಿದ್ದುದರಿಂದ ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಡವಾಗಿತ್ತು.

"ಅತ್ತೆಮ್ಮ ಹೆಂಗವ್ರೆ ತಾಯಿ?" ಎಂದರು ಷರೀಫರು.

ಉತ್ತರಕ್ಕೆ ಮಗು ಅವಕಾಶ ಕೊಡಲಿಲ್ಲ, ಕಿರುಚತೊಡಗಿತು. "ಬಿಳಿ ಬಟ್ಟೆ ಎರಡೂವರೆ ಗಜ ಕೊಡಿ ಸಾಬ್ರೆ. ಕತ್ತರಿ ಬೇಡ, ಹರಿದುಬಿಡಿ. ಮಧ್ಯಾಹ್ನದೊಳಗೆ ಬೇಕು." (ಹರಿದರೆ ಅಂಚು ನೂಲಿನ ನೇರಕ್ಕೆ ಬರುತ್ತದೆ. ಇದು ಅವಳ ಸ್ವಂತ ಶೋಧನೆ.)

ಬಂದಾಗಲೆಲ್ಲ ಅರ್ಧ ಗಂಟೆ ಚೌಕಾಸಿ ಮಾಡುವವಳು ಅಂದು ಅವಸರಕ್ಕೆ ಕೇಳಿದ್ದಷ್ಟನ್ನೂ ಕೊಟ್ಟಳು. ಷರೀಫರು ಎದ್ದು ನಿಂತು ಬಟ್ಟೆಯನ್ನು ಎರಡು ಕೈಯಲ್ಲಿ ಕೊಟ್ಟರು. 'ಮತ್ತೆ ಬನ್ನಿ' ಎನ್ನಲಿಲ್ಲ. ಹೆಡ್‌ಮಾಸ್ಟರ್ ಪದವಿಯ ಸುದ್ದಿ ಆಗಲೇ ಪೇಟೆಗೆ ಮುಟ್ಟಿದೆಯೆಂದು ಸಿದ್ದಗಂಗಮ್ಮ ಒಳಗೊಳಗೇ ಹಿಗ್ಗಿದಳು.

ಮಧ್ಯಾಹ್ನ ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ವಿರಾಜಮಾನರಾದರು. "ಆಹಾ, ಏನು ಶುಭ್ರ!" ಎಂದು ಬಟ್ಟೆಯನ್ನು ಹೊಗಳಿ ಮೊದಲ ತುತ್ತು ಕಲಸಿದರು. ಮೇಷ್ಟರ ಮುಖ ಅರಳಿತು. ಅಷ್ಟರಲ್ಲಿ ಹಿಂದಿನ ಬೀದಿಯ ರೇಣುಕಯ್ಯ ಹೂವಿನ ಹಾರ, ವಿಭೂತಿ ಹಿಡಿದ ನಾಲ್ವರು ಹಿರಿಯರ ಸಮೇತ ಒಳಬಂದ. ಅವನ ಹಿಂದೆ ಅವನ ಹೆಂಡತಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ ಎಂದು ಆಕೆ ಅನ್ನ ಸಾರು ಹೊತ್ತು ತಂದಿದ್ದಳು.

"ಎಂಥಾ ಜೀವ ಹೊಂಟೋಯ್ತಪ್ಪಾ ಮೇಷ್ಟ್ರೇ!" ಎಂದು ರೇಣುಕಯ್ಯ ಗೊಳೋ ಎಂದ. ಇನ್‌ಸ್ಪೆಕ್ಟರ ತುತ್ತು ಅರ್ಧದಾರಿಯಲ್ಲಿ ನಿಂತಿತು.

ನಡುಮನೆಯ ಕೋಣೆಯ ಬಾಗಿಲು ತೆರೆಯಿತು. "ಯಾರ್ಲಾ ರೇಣುಕ ಹೋಗಿದ್ದು?"

ರೇಣುಕಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ನೀವೇ ಕಣವ್ವ."

ಆಮೇಲೆ ತಡವರಿಸುತ್ತ ಬಿಡಿಸಿ ಹೇಳಿದ: "ಷರೀಫ್ ಸಾಬ್ರು ಕಣ್ಣೀರು ಹಾಕ್ಕೊಂಡು ಬಂದು ಹೇಳುದ್ರು. ಬಿಳೀ ಬಟ್ಟೆ, ಕತ್ತರಿ ಹಾಕಿಸ್ದೆ ಹರಿಸ್ಕೊಂಡು, ಚೌಕಾಸಿ ಮಾಡ್ದೆ, ಅವಸರವಾಗಿ... ಇಂಗೆ ಹೆಣಕ್ಕಲ್ದೆ ಇನ್ಯಾತಕ್ಕೆ ತಗೊಂತಾರವ್ವ?"

ಸಿದ್ದಗಂಗಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಶಿವರುದ್ರಮ್ಮ ಟೇಬಲ್ಲಿನ ಬಳಿ ಬಂದು ಬಟ್ಟೆಯನ್ನು ಅಂಚಿನಿಂದ ಅಂಚಿಗೆ ಸವರಿ ನೋಡಿದರು.

"ನೂಲು ಗಟ್ಟಿ ಐತೆ. ನಂದು ಅಂತ ಊರೇ ಒಪ್ಕೊಂಡ ಮ್ಯಾಲೆ ಇದ್ರ ಮ್ಯಾಲೆ ಅನ್ನ ಬಡಿಸ್ತಾರೇನಮ್ಮ?" ಎಂದವರೇ ಇನ್‌ಸ್ಪೆಕ್ಟರ ತಟ್ಟೆ ಎತ್ತಿಸಿ, ಬಟ್ಟೆಯನ್ನು ಮಡಿಸಿ ತಮ್ಮ ಟ್ರಂಕಿಗೆ ಸೇರಿಸಿದರು. ಸರ್ಕಾರದ ಪ್ರತಿನಿಧಿ ಶಾಯಿಯ ಕಲೆಗಳ ಮೇಲೆಯೇ, ರೇಣುಕಯ್ಯನ ಮನೆಯ ಸಾರನ್ನೂ ಸೇರಿಸಿಕೊಂಡು, ಊಟ ಮುಗಿಸಿದರು. ಹೆಡ್‌ಮಾಸ್ಟರಿಕೆಯ ಮಾತನ್ನು ಯಾರೂ ಎತ್ತಲಿಲ್ಲ.

ಸೋಮವಾರ ಸಿದ್ದಗಂಗಮ್ಮ ಮತ್ತೆ ಅಂಗಡಿಗೆ ಹೋದಳು. ಈ ಸಲ ನೀಲಿ ಚೌಕುಳಿ ಬಟ್ಟೆ. ನಾಚಿಕೆಯಿಂದ ತಲೆಯೆತ್ತದೆ, ಹೇಳಿದ ಬೆಲೆಯನ್ನು ಮುಂದಿಟ್ಟಳು. ಷರೀಫರು ಬೆಂಕಿ ಸೋಕಿದಂತೆ ಕೈ ಹಿಂದೆ ಎಳೆದುಕೊಂಡರು.

"ಮೊದ್ಲು ಚೌಕಾಸಿ ಮಾಡಿ ತಾಯಿ! ಇಲ್ದಿದ್ರೆ ಒಂದು ಗೇಣೂ ಕೊಡಲ್ಲ. ಆಮೇಲೆ ಈ ಸಲ ಹಾರ ಹಿಡ್ಕೊಂಡು ಮೇಷ್ಟ್ರನ್ನ ನೋಡೋಕೆ ಜನ ಬರ್ತಾರೆ."