ಪುಂಡಲೀಕನ ಅಡ್ಡ ಪರಿಣಾಮ

ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಮ್ಯಾನೇಜರಾಗಿದ್ದ ಪುಂಡಲೀಕನ ಸೊಂಟದ ಬಲಮಗ್ಗುಲಿಗೆ ಕೆಂಪು ಗುಳ್ಳೆಗಳು ಸಾಲುಗಟ್ಟಿ ಎದ್ದು ಉರಿಯತೊಡಗಿದವು. ಅತ್ತೆ ಬಸವಣ್ಣೆವ್ವ ಅಂಗಿ ಎತ್ತಿಸಿ ನೋಡಿ, "ಸರ್ಪಸುತ್ತು! ಸುತ್ತಿ ಬಂದು ಹೆಡಿ-ಬಾಲ ಕೂಡಿದ್ರ ಮನಷ್ಯಾ ಉಳಿಯಂಗಿಲ್ಲ" ಎಂದು ತೀರ್ಪು ಕೊಟ್ಟಳು. ಪುಂಡಲೀಕ ಗಾಬರಿಯಿಂದ ಟೇಪು ತಂದು ಸೊಂಟ ಅಳೆದುಕೊಂಡ. (ಆ ಹೊಟ್ಟೆ ಸುತ್ತಿ ಬರಲು ಎಂಥ ಸರ್ಪಕ್ಕೂ ವರ್ಷ ಹಿಡಿಯುತ್ತಿತ್ತು, ಆ ಮಾತು ಬೇರೆ.)

ಹೆಂಡತಿ ಮಹೇಶ್ವರಿ ಅವನನ್ನು ಹಾವೇರಿಗೆ ಎಳೆದೊಯ್ದಳು. ಡಾಕ್ಟರ್ ಸುಚಿತ್ರಾ ನಕ್ಕುಬಿಟ್ಟರು.

"ಸರ್ಪ ಅಲ್ರಿ, ವೈರಸ್. ಸಣ್ಣವರಿದ್ದಾಗ ಚಿಕನ್‌ಪಾಕ್ಸ್ ಬಂದಿತ್ತಲ್ಲ, ಅದು ನರದಾಗ ಮಲಗಿತ್ತು, ಈಗ ಎದ್ದೈತಿ. ನಾ ಬರೆಯೋ ಮಾತ್ರಿ ಅದನ್ನ ಕೊಲ್ಲಂಗಿಲ್ಲ, ಮರಿ ಹಾಕದಂಗ ತಡೀತೈತಿ. ಅದಕ್ಕ ಲಗೂ ಶುರು ಮಾಡಬೇಕು. ನೀರು ಭಾಳ ಕುಡೀರಿ. ಕೆಲವರಿಗೆ ಹೊಟ್ಟಿ ತೊಳಸತೈತಿ, ತಲಿ ಸುತ್ತತೈತಿ. ಅಡ್ಡ ಪರಿಣಾಮ, ಅಷ್ಟ."

ಆ ಕೊನೆಯ ಮಾತು ಪುಂಡಲೀಕನಿಗೆ ವೇದವಾಕ್ಯದಂತೆ ಕೇಳಿಸಿತು. ಮನೆಗೆ ಬಂದು, ಮಹೇಶ್ವರಿ ಅಂಗೈಗೆ ಹಾಕಿದ ಮಾತ್ರೆ ನುಂಗಿದವನೇ ಮಂಚದ ಮೇಲೆ ಅಡ್ಡಾದ. (ಅಡ್ಡಾಗುವುದೇ ಅಡ್ಡ ಪರಿಣಾಮ ಎಂಬುದು ಅವನ ವ್ಯಾಕರಣ.)

"ಮನ್ಯಾಗಿನ ಮೆಣಸಿನಕಾಯಿ ತೊಟ್ಟು ಮುರೀತೇನಿ ಅಂದಿದ್ರಲ್ಲ?" ಎಂದಳು ಮಹೇಶ್ವರಿ.

"ತಲಿ ಗರಗರ ತಿರಗಾಕತ್ತೈತಿ, ಹೊಟ್ಟಿ ತೊಳಸಾಕತ್ತೈತಿ. ಭಾರಿ ಮಾತ್ರಿ ಅದು! ಒಂದೀಟು ಕಾಲು ಒತ್ತು. ಆಮ್ಯಾಲ ಚುರುಮುರಿ ಗಿರ್ಮಿಟ್ ಮಾಡು."

"ಹೊಟ್ಟಿ ತೊಳಸಾಕತ್ತಿದ್ರ ಗಿರ್ಮಿಟ್ ಯಾಕ್ರಿ?"

"ತೊಳದ ಹೊಟ್ಟಿ ಖಾಲಿ ಇಡಬಾರದು!"

ಮಹೇಶ್ವರಿಗೆ ಕರುಳು ಚುರ್ ಎಂದಿತು. ಗಿರ್ಮಿಟ್ ತಿನ್ನಿಸಿದಳು, ಕಾಲೊತ್ತುತ್ತ ಕುಳಿತಳು.

ಸಂಜೆ ಅವಳ ತಮ್ಮ ಮೈಲೇಶ ರಾಣೆಬೆನ್ನೂರಿನಿಂದ ಪೊಟ್ಟಣ ಹಿಡಿದು ಬಂದ. "ಅಕ್ಕಾ, ಹಾವೇರ್ಯಾಗ ಸಿಗಲಿಲ್ಲ ಅಂತ ಫೋನ್ ಮಾಡಿದ್ಯಲ್ಲ, ವೈರಸ್ ಮಾತ್ರಿ ತಂದೇನಿ."

ಪುಂಡಲೀಕ ಧಡಕ್ಕನೆ ತಲೆಯೆತ್ತಿದ. "ಹಂಗಾರ... ಮಧ್ಯಾಹ್ನ ನಾ ನುಂಗಿದ್ದು?"

"ಡಾಕ್ಟರು ಜೋಡಿಗೆ ಬರೆದ ವಿಟಮಿನ್" ಎನ್ನುತ್ತಲೇ ಮಹೇಶ್ವರಿಗೆ ಎಲ್ಲ ಹೊಳೆಯಿತು; ಕೈಯಲ್ಲಿದ್ದ ಕಾಲನ್ನು ಧೊಪ್ಪನೆ ಬಿಟ್ಟಳು.

ನಿಜವಾದ ಮಾತ್ರೆ ಆಗಲೇ ಶುರುವಾಯಿತು. ಮರುದಿನ ಪುಂಡಲೀಕನಿಗೆ ಹೊಟ್ಟೆಯೂ ನಿಜವಾಗಿಯೇ ತೊಳಸಿತು, ತಲೆಯೂ ಸುತ್ತಿತು. "ಖರೇ ಹೇಳಾಕತ್ತೇನಿ, ಮಹೇಶ್ವರಿ!" ಎಂದು ಆಣೆ ಇಟ್ಟ. "ಹೌದ್ರಿ, ಹೌದು" ಎಂದ ಅವಳು ತಂಬಿಗೆ ತುಂಬ ನೀರು ಕುಡಿಸಿ, ಮೆಣಸಿನಕಾಯಿ ರಾಶಿಯ ಮುಂದೆ ಕೂರಿಸಿದಳು. ಅಳಿಯ ಸೀನುತ್ತ, ಓಕರಿಸುತ್ತ ತೊಟ್ಟು ಮುರಿಯುವುದನ್ನು ನೋಡಿ ಬಸವಣ್ಣೆವ್ವ, "ಏನ್ ನಾಟಕ ಮಾಡ್ತಾನವ್ವಾ!" ಎಂದು ಮೆಚ್ಚಿಕೊಂಡಳು.

ಗುಳ್ಳೆಗಳು ಮುಂದೆ ಹಬ್ಬದೆ ಬಾಡಿದವು. ಮತ್ತೆ ಹಾವೇರಿಗೆ ಹೋದಾಗ ಡಾಕ್ಟರು ಕೇಳಿದರು: "ಮಾತ್ರಿಯಿಂದ ಏನಾರ ತ್ರಾಸಾತೇನ್ರಿ?"

ಪುಂಡಲೀಕ ಬಾಯಿ ತೆರೆಯುವಷ್ಟರಲ್ಲಿ ಮಹೇಶ್ವರಿ ಹೇಳಿದಳು: "ತ್ರಾಸೆಲ್ಲಿದ್ರಿ? ಅದನ್ನ ತಗೊಂಡ ಮ್ಯಾಲನ ಇವರು ಕೆಲಸಾ ಮಾಡಾಕ ಕಲ್ತಾರ. ಇನ್ನೊಂದು ತಿಂಗಳಿಗೆ ಬರದು ಕೊಡ್ರಿ!"