ಕಣ್ಣೊಳಗಿನ ಒತ್ತುವರಿ

ಈ ಲೋಕದಲ್ಲಿ ಗುಂಟೆಗಿಂತ ಚಿಕ್ಕ ಅಳತೆಯೂ ಇದೆ ಎಂದು ನಮ್ಮತ್ತೆಯನ್ನು ಒಪ್ಪಿಸಿದವರಿಗೆ, ಕಾಲುಂಗುರ ಬಿಟ್ಟು ಮಿಕ್ಕ ಒಡವೆಯನ್ನೆಲ್ಲ ಬಿಚ್ಚಿಕೊಡಲು ನಾನು ಸಿದ್ಧಳಿದ್ದೆ! ಕಾಡುಗೋಡಿಯಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆಯುವ ಹೆಂಗಸು ಅವರು. ನನ್ನ ದೋಸೆ ಕೊಂಚ ಅಗಲವಾದರೂ, "ಎರಡು ಗುಂಟೆಗೆ ಉಯ್ದಿದ್ದೀಯಲ್ಲೇ!" ಎನ್ನುವುದೇ.

ಇಂಥವರಿಗೆ ಸಕ್ಕರೆ ಕಾಯಿಲೆಯಿಂದ ಎಡಗಣ್ಣು ಮಂಜಾಯಿತು. ಕಣ್ಣಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ವಿಜಯಪುರದ ಹುಡುಗಿ, "ಅಮ್ಮಾರ, ಕಣ್ಣಿನ ಪರದೆ ಬಲಕ್ಕ ಇನ್ನೂರ ಅರವತ್ತು ಮೈಕ್ರಾನ್ ದಪ್ಪ ಐತ್ರಿ, ಎಡಕ್ಕ ನಾನೂರ ಮೂವತ್ತು," ಎಂದಳು.

"ಅಂಗಂದ್ರೆ ಎಷ್ಟು ಗುಂಟೆ?"

"ಒಂದು ಮಿಲಿಮೀಟರ್‌ನ ಸಾವಿರ ಪಾಲು ಮಾಡ್ರಿ. ಅದರಾಗಿನ ಒಂದು ಪಾಲು!"

ಅತ್ತೆ ನನ್ನ ಕಡೆ ತಿರುಗಿದರು. "ಸಾವಿರ ಪಾಲಾ? ನಮ್ಮ ಮಾವನ ಆಸ್ತಿನೂ ಇಷ್ಟು ಚೂರಾಗಿರ್ಲಿಲ್ವಲ್ಲೇ!"

ಪರದೆಯಲ್ಲಿ ನೀರು ತುಂಬಿ ಊದಿಕೊಂಡಿದೆ, ಹೀಗೇ ಬಿಟ್ಟರೆ ದೃಷ್ಟಿಯೇ ಹೋಗಬಹುದು ಎಂದರು ಡಾಕ್ಟರು. ಅತ್ತೆಯ ಕಿವಿಗೆ ಬಿದ್ದದ್ದು ನಾನೂರ ಮೂವತ್ತು ಮಾತ್ರ! ಸಂಜೆ, ಅದೇ ಸ್ಕ್ಯಾನ್ ಮಾಡಿಸಿಕೊಂಡಿದ್ದ ತಮ್ಮ ಓರಗಿತ್ತಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು, "ನಿಂದು ಬರೀ ಇನ್ನೂರೈವತ್ತಂತೆ? ಓಗ್ಲಿ ಬಿಡು, ಎಲ್ರಿಗೂ ಬರಾಕಿಲ್ಲ," ಎಂದು ಸಮಾಧಾನ ಹೇಳಿದರು.

ಕಣ್ಣಿಗೇ ಇಂಜೆಕ್ಷನ್ ಎಂದಾಗ ಮಾತ್ರ ಅತ್ತೆ, ಒಳಗೆ ಕರೆಯುವವರೆಗೂ ನನ್ನ ಮುಂಗೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದರು.

ಕೆಲವು ಇಂಜೆಕ್ಷನ್ ಆದ ಮೇಲೆ ಮತ್ತೆ ಸ್ಕ್ಯಾನ್. ಎಡಗಣ್ಣು ಮುನ್ನೂರಕ್ಕೆ ಇಳಿದಿತ್ತು. ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ನೂರ ಮೂವತ್ತು ಎಲ್ಲೋಯ್ತು? ಕೆರೆ ಆಯ್ತು, ರಾಜಕಾಲುವೆ ಆಯ್ತು, ಈಗ ಕಣ್ಣೊಳಗೂ ಒತ್ತುವರಿನಾ? ಕರೀರಿ ಸರ್ವೆಯೋರ್ನ!"

ಹುಡುಗಿ ನಗು ತಡೆದುಕೊಂಡು, "ಒತ್ತುವರಿ ಮಾಡಿದ್ದು ನೀರ್ರಿ ಅಮ್ಮಾರ. ಈಗ ತೆರವು ಆಗೇತಿ!" ಎಂದಳು.

"ಅಂಗನ್ನು ಮತ್ತೆ! ಮೊದ್ಲೇ ಕನ್ನಡದಲ್ಲಿ ಏಳಬಾರ್ದಾ?"

ಮರುದಿನ ಬೆಳಿಗ್ಗೆ ಕಾಫಿ ಕೊಡಲು ಹೋದೆ. ಅತ್ತೆ ಲೋಟ ಮುಟ್ಟಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಬೈಗುಳ ಬರುತ್ತದೆಂದು ಕಾದೆ.

"ಏನೇ ಇದು, ಕಣ್ಣ ಸುತ್ತ ಇಷ್ಟು ಕಪ್ಪು? ಇಂಗೆ ಸೊರಗೋಗಿದ್ದೀಯ, ನಂಗೆ ಕಾಣ್ಲೇ ಇಲ್ವಲ್ಲ," ಎಂದರು ಮೆಲ್ಲಗೆ. "ನಾಳೆಯಿಂದ ಬೆಳಗಿನ ಒಲೆ ನಾನು ನೋಡ್ಕೋತೀನಿ. ನೀನು ಮಲ್ಕೋ ಮಗಾ."

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಯಿತು. ಇಬ್ಬರೂ ಕದಲಲಿಲ್ಲ.