ಒಂದು ಅರ್ಜಿ, ಮೂರು ಅಜ್ಜಿ

ಸಾವಿಲ್ಲದ ಅರ್ಜಿ ಉಪ್ಪಿಲ್ಲದ ಗಂಜಿ. ಇದು ಯಾವ ಗಾದೆ ಪುಸ್ತಕದಲ್ಲೂ ಇಲ್ಲ. ಕಾರ್ಕಳದ ತಾಲೂಕು ಕಚೇರಿಯ ಎದುರು ಇಪ್ಪತ್ತೆರಡು ವರ್ಷ ಟೈಪ್‌ರೈಟರ್ ಕುಟ್ಟಿ ನಾನೇ ಕಂಡುಕೊಂಡ ಸತ್ಯ. ವರ್ಗಾವಣೆ ಬೇಕೆ? ತಾಯಿ ಕೊನೆಯುಸಿರು ಎಳೆಯುತ್ತಿರಬೇಕು. ಬಾವಿಗೆ ಪಂಪು ಬೇಕೆ? ಅಣ್ಣ ನೀರು ಸೇದುವಾಗ ಜಾರಿ ಬಿದ್ದು ಪರಲೋಕ ಸೇರಿರಬೇಕು. (ಹಾಗೆ ಸೇರಿದ ಅಣ್ಣಂದಿರು ಪಂಪು ಮಂಜೂರಾದ ಮೇಲೆ ಖುದ್ದಾಗಿ ಬಂದು ನನಗೆ ಬಾಳೆಗೊನೆ ಕೊಟ್ಟದ್ದೂ ಉಂಟು.)

ಇನ್ನೊಂದು ಸತ್ಯ: ಕಚೇರಿಯ ಗುಮಾಸ್ತರಿಗೆ ಹೊಸ ವಾಕ್ಯ ಆಗಿಬರುವುದಿಲ್ಲ. ಒಂದೇ ವಾಕ್ಯ ನೂರನೆಯ ಸಲ ಕಣ್ಣಿಗೆ ಬಿದ್ದರೆ ಹಳೆಯ ನೆಂಟರನ್ನು ಕಂಡಂತೆ ಸಮಾಧಾನದಿಂದ ಸಹಿ ಹಾಕುತ್ತಾರೆ. ಹೊಸದಾಗಿ ಕಂಡರೆ ಅನುಮಾನದಿಂದ ಕಾಗದದ ಕಟ್ಟಿನ ಅಡಿಗೆ ತಳ್ಳುತ್ತಾರೆ. ಅದಕ್ಕಾಗಿ ನನ್ನ ಬಳಿ ಏಳೆಂಟು ಸಿದ್ಧ ಮಾದರಿಗಳಿದ್ದವು, ಹೆಸರು ಊರು ಬದಲಾಯಿಸಿದರೆ ಆಯಿತು. ಈ ಎರಡು ಸತ್ಯಗಳನ್ನು ನಂಬಿ ನಾನು ನನ್ನ ಮಗಳ ಒಂದು ಬೇಸಿಗೆಯನ್ನು ಹಾಳು ಮಾಡಿದೆ. ಯಾರಲ್ಲಾದರೂ ಹೇಳಿಕೊಂಡರೆ ಹಗುರವಾದೀತು ಎಂದು ನಿಮ್ಮಲ್ಲಿ ಹೇಳುತ್ತಿದ್ದೇನೆ.

ಎಂಬತ್ತನಾಲ್ಕನೆಯ ಇಸವಿಯ ಫೆಬ್ರವರಿ. ಮಗಳು ಸುಭಾಷಿಣಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಒಂದು ಸಂಜೆ ಕಾಲೇಜಿನಿಂದ ಕುಕ್ಕುಂದೂರಿನ ನಮ್ಮ ಮನೆಗೆ ಓಡುತ್ತಲೇ ಬಂದಳು. ಬೆಂಗಳೂರಿನ ದೊಡ್ಡ ವಿಜ್ಞಾನ ಸಂಸ್ಥೆಯೊಂದು ಬೇಸಿಗೆ ರಜೆಯಲ್ಲಿ ಎರಡು ತಿಂಗಳು ವಿದ್ಯಾರ್ಥಿಗಳನ್ನು ಕರೆಸಿಕೊಂಡು ಸಂಶೋಧನೆ ಕಲಿಸುತ್ತದಂತೆ. ಊಟ, ವಸತಿ, ಬಸ್ಸಿನ ಚಾರ್ಜು ಅವರದೇ. ಆದರೆ ಒಂದು ಕಾಲೇಜಿಗೆ ಒಂದೇ ಸೀಟು.

"ಅಪ್ಪ, ನಮ್ಮ ಕಾಲೇಜಿನಲ್ಲಿ ಒಂದು ಮೈಕ್ರೋಸ್ಕೋಪಿಗೆ ಹದಿನೈದು ಜನ. ನನ್ನ ಸರದಿ ಬರುವಾಗ ಬೆಲ್ ಹೊಡೀತದೆ. ಅಲ್ಲಿ ಒಬ್ಬರಿಗೆ ಒಂದಂತೆ!"

ಆ ಹುಡುಗಿ ಅದುವರೆಗೆ ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಹಬ್ಬಕ್ಕೆ ಸೀರೆ ತಂದರೆ ಉಡುತ್ತಿದ್ದಳು, ತರದಿದ್ದರೆ ಸುಮ್ಮನಿರುತ್ತಿದ್ದಳು. ಈಗ ಅವಳ ಕಣ್ಣು ಹೊಳೆಯುತ್ತಿತ್ತು. ಈ ಸೀಟನ್ನು ಹೇಗಾದರೂ ಕೊಡಿಸಿಯೇ ಸಿದ್ಧ ಎಂದು ಅಲ್ಲೇ ಭೀಷ್ಮ ಪ್ರತಿಜ್ಞೆ ಮಾಡಿದೆ.

ಅರ್ಜಿಯ ಜೊತೆಗೆ 'ನಾನು ಸಂಶೋಧನೆ ಏಕೆ ಮಾಡಬಯಸುತ್ತೇನೆ' ಎಂದು ಒಂದು ಪುಟ ಬರೆದು ಕಳಿಸಬೇಕಿತ್ತು. ಅವಳು ಬರೆದಿದ್ದಳು. ನಮ್ಮ ಮನೆಯ ಹಿಂದಿನ ಬಂಡೆಯ ಮೇಲೆ ಪಾಚಿ ಉಂಟಲ್ಲ, ಅದರ ಕತೆ. ಬೇಸಿಗೆಯಲ್ಲಿ ಅದು ಒಣಗಿ ಕಪ್ಪು ಹುಡಿಯಾಗುತ್ತದೆ, ಮೊದಲ ಮಳೆ ಬಿದ್ದು ಸ್ವಲ್ಪ ಹೊತ್ತಿನಲ್ಲೇ ಹಸಿರಾಗುತ್ತದೆ. ಅಷ್ಟು ತಿಂಗಳು ಅದು ಸತ್ತಿತ್ತೋ, ಬದುಕಿತ್ತೋ? ಬದುಕಿದ್ದರೆ ಎಂತ ಕುಡಿದು ಬದುಕಿತ್ತು?

"ಪಾಚಿಯಾ?" ಎಂದೆ. "ಮಗಾ, ಬೆಂಗಳೂರಿನವರ ಎದುರು ಜಾರಿ ಬೀಳುವ ವಸ್ತುವಿನ ಬಗ್ಗೆ ಬರೆಯುವುದಾ? ಕರುಳು ಕಿವುಚಬೇಕು. ನಾನು ಬರೆಯುತ್ತೇನೆ."

ಒಳಗಿನಿಂದ ಹೆಂಡತಿ ಪಂಕಜಾ ಬಂದಳು. ಅವಳಿಗೆ ನನ್ನ ಸಾಹಿತ್ಯದ ಮೇಲೆ ಗೌರವ ಕಡಿಮೆ.

"ಅವಳ ಅರ್ಜಿ ಅವಳು ಬರೀಲಿ. ನಿಮಗೆ ಎಂತ ಗೊತ್ತುಂಟು ವಿಜ್ಞಾನ? ಫ್ಯೂಸ್ ಹೋದರೆ ಪಕ್ಕದ ಮನೆಯವರನ್ನು ಕರೀಬೇಕು."

"ವಿಜ್ಞಾನ ಬೇರೆ, ಅರ್ಜಿ ಬೇರೆ. ತಹಶೀಲ್ದಾರರೇ ನನ್ನ ಅರ್ಜಿ ಓದಿ ಕಣ್ಣೊರೆಸಿಕೊಂಡಿದ್ದಾರೆ."

"ಅದು ನಿಮ್ಮ ಸ್ಪೆಲ್ಲಿಂಗ್ ನೋಡಿ ಇರಬೇಕು ಮಾರಾಯ್ರೇ."

ಇಂಥ ಮಾತಿಗೆಲ್ಲ ಕಿವಿಗೊಡುತ್ತ ಕುಳಿತರೆ ಮಹತ್ಕಾರ್ಯಗಳು ನಡೆಯುವುದಿಲ್ಲ. ಮರುದಿನ ನನ್ನ ಟೈಪಿಂಗ್ ಅಂಗಡಿಯಲ್ಲಿ ಜೀವಮಾನದ ಶ್ರೇಷ್ಠ ಕೃತಿಯನ್ನು ಇಂಗ್ಲಿಷಿನಲ್ಲಿ ರಚಿಸಿದೆ. ಆಟಿ ತಿಂಗಳ ಜಡಿಮಳೆ. ಉಕ್ಕುವ ಹೊಳೆ. ದೋಣಿಯಿಲ್ಲ, ಡಾಕ್ಟರಿಲ್ಲ. ಜ್ವರದಿಂದ ಬೇಯುತ್ತಿರುವ ಪ್ರೀತಿಯ ಅಜ್ಜಿ ಮೊಮ್ಮಗುವಿನ ಕೈಹಿಡಿದು "ವಿಜ್ಞಾನ ಕಲಿ, ಲೋಕವನ್ನು ಉಳಿಸು" ಎಂದು ಹೇಳಿ ಕಣ್ಣು ಮುಚ್ಚುತ್ತಾರೆ. ಬರೆಯುತ್ತ ನಾನೇ ಎರಡು ಸಲ ಕಣ್ಣೊರೆಸಿಕೊಂಡೆ.

"ಅಪ್ಪ, ನಮ್ಮ ಮನೆ ಹತ್ತಿರ ಹೊಳೆ ಇಲ್ಲ," ಎಂದಳು ಮಗಳು ಓದಿ.

"ಬೆಂಗಳೂರಿನವರು ಬಂದು ನೋಡ್ತಾರಾ?"

"ಅಜ್ಜಿ ಇದ್ದಾರೆ."

ಇದ್ದರು. ಅಂದರೆ ನನ್ನ ಅಮ್ಮ. ಎಪ್ಪತ್ತೆಂಟರ ಹರೆಯದಲ್ಲಿ ಚಾವಡಿಯಲ್ಲಿ ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದರು. "ಬೆಂಗಳೂರಿಗೆ ಅವರೂ ಕಾಣುವುದಿಲ್ಲ," ಎಂದೆ. ಮಗಳು ತನ್ನ ಪಾಚಿಯ ಪುಟವನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟಳು. ಅಪ್ಪನಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಅವಳ ಮೂವರು ಸಹಪಾಠಿಗಳು ಅಂಗಡಿಗೆ ಬಂದರು: ಹಯಗ್ರೀವ, ವ್ಯಾಲೆಂಟೈನ್, ಮತ್ತು ಹೂವಿನ ಅಂಗಡಿಯ ಬದ್ರುದ್ದೀನರ ಮಗಳು ಮೆಹರುನ್ನಿಸಾ. ಹುಡುಗರಿಬ್ಬರೂ ನನ್ನ ಕೃತಿಯನ್ನು ಓದಿ, "ಎಂಥ ಇಂಗ್ಲಿಷ್ ಮಾಮ! ನಮಗೂ ಒಂದು ಮಾಡಿಕೊಡಿ," ಎಂದರು. ಹೊಗಳಿಕೆಗೆ ನಾನು ಬೆಣ್ಣೆ. ಮಗಳ ಅಂಕ ಇವರಿಬ್ಬರಿಗಿಂತ ಬಹಳ ಹೆಚ್ಚು, ಇವರೂ ಅರ್ಜಿ ಹಾಕಿದರೆ ಅವಳಿಗೇನು ನಷ್ಟ ಎಂಬ ಧೈರ್ಯ ಬೇರೆ. ಸರಿ, ಎರಡು ಕಾರ್ಬನ್ ಇಟ್ಟು, ಹೆಸರಿನ ಜಾಗ ಖಾಲಿ ಬಿಟ್ಟು, ಒಂದೇ ಏಟಿಗೆ ಮೂರು ಪ್ರತಿ ಹೊಡೆದೆ. ಮೇಲಿನದು ಮಗಳಿಗೆ. ವ್ಯಾಲೆಂಟೈನನ ಪ್ರತಿಯಲ್ಲಿ ಅಜ್ಜಿ ಸಾಯುವ ಭಾಗ ಮಸುಕಾಗಿತ್ತು, ಪೆನ್ನಿನಲ್ಲಿ ತಿದ್ದಿ ಸಾಯಿಸಿದೆ.

"ನಿನಗೂ ಒಂದು ಹೊಡೆಯಲಾ?" ಎಂದು ಮೆಹರುನ್ನಿಸಾಳನ್ನು ಕೇಳಿದೆ.

"ಬೇಡ ಮಾಮ," ಎಂದಳು ಆ ಹುಡುಗಿ ನೆಲ ನೋಡುತ್ತ. "ನಮ್ಮ ಅಜ್ಜಿ ಇದ್ದಾರೆ. ಬದುಕಿರುವವರನ್ನು ಸತ್ತರೆಂದು ಬರೆಯಬಾರದು."

ಅವಳು ಕೈಬರಹದಲ್ಲೇ ಏನೋ ಬರೆದಿದ್ದಳು. ಬಾಳೆ ಎಲೆಯಲ್ಲಿ ಕಟ್ಟಿಟ್ಟ ಮಲ್ಲಿಗೆ ಮೊಗ್ಗು ಪೇಪರಿನಲ್ಲಿ ಕಟ್ಟಿಟ್ಟದ್ದಕ್ಕಿಂತ ತಡವಾಗಿ ಅರಳುವುದೇಕೆ, ಅಂತೆ. ಪಾಪ, ಈ ಕೂಸಿಗೆ ಸೀಟು ಸಿಕ್ಕಿದ ಹಾಗೇ ಎಂದು ಮನಸ್ಸಿನಲ್ಲೇ ಮರುಗಿ, ನನ್ನ ಖರ್ಚಿನಲ್ಲಿ ಒಂದು ಒಳ್ಳೆಯ ಲಕೋಟೆ ಕೊಟ್ಟೆ.

ಏಪ್ರಿಲ್ ಕೊನೆಯಲ್ಲಿ ಪತ್ರ ಬಂತು. ದಪ್ಪ ಕಾಗದ, ಮೇಲೆ ಸಂಸ್ಥೆಯ ಮುದ್ರೆ. ನಾನು ಒಡೆಯದೆ ಮನೆಗೆ ತಂದು, ಎಲ್ಲರನ್ನೂ ಚಾವಡಿಗೆ ಕರೆದು, ಅಮ್ಮನಿಗೂ ತಿಳಿಯಲಿ ಎಂದು ಒಂದೊಂದೇ ಸಾಲನ್ನು ನಮ್ಮ ಮಾತಿಗೆ ತಿರುಗಿಸುತ್ತ ಗಟ್ಟಿಯಾಗಿ ಓದತೊಡಗಿದೆ.

"ಪ್ರಿಯ ಕುಮಾರಿ ಸುಭಾಷಿಣಿ, ನಿಮ್ಮ ಕಾಲೇಜಿನಿಂದ ನಾಲ್ಕು ಅರ್ಜಿಗಳು ಬಂದಿವೆ. ಅವುಗಳಲ್ಲಿ ಮೂವರ ಅಜ್ಜಿಯಂದಿರು..."

ಅಲ್ಲಿಗೆ ನಾನು ಓದು ನಿಲ್ಲಿಸಿದೆ. ಮಗಳು ಪತ್ರವನ್ನು ಮೆಲ್ಲನೆ ನನ್ನ ಕೈಯಿಂದ ತೆಗೆದುಕೊಂಡು ಮುಂದೆ ಓದಿದಳು.

"ಮೂವರ ಅಜ್ಜಿಯಂದಿರು ಒಂದೇ ರಾತ್ರಿ, ಒಂದೇ ಹೊಳೆಯ ದಡದಲ್ಲಿ, ಒಂದೇ ಜ್ವರದಿಂದ, ಒಂದೇ ಮಾತನ್ನು ಆಡಿ ತೀರಿಕೊಂಡಿದ್ದಾರೆ. ಇದು ಸಂಶೋಧನೆಗೆ ಯೋಗ್ಯವಾದ ವಿಷಯವೇ. ಆದರೆ ನಮ್ಮದು ಸಸ್ಯಶಾಸ್ತ್ರ ವಿಭಾಗ. ಸೀಟನ್ನು ಮಲ್ಲಿಗೆಯ ಬಗ್ಗೆ ಬರೆದ ವಿದ್ಯಾರ್ಥಿನಿಗೆ ಕೊಟ್ಟಿದ್ದೇವೆ. ನಾಲ್ವರಲ್ಲಿ ನಿಮ್ಮ ಅಂಕಗಳೇ ಹೆಚ್ಚು. ನಿಮ್ಮದೇ ಆದ ಒಂದು ಸಣ್ಣ ಪ್ರಶ್ನೆ ಬರೆದಿದ್ದರೂ ಸಾಕಿತ್ತು."

ಸುಭಾಷಿಣಿ ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಅವಳು, "ಮೆಹರುಗೆ ಸಿಕ್ಕಿತಲ್ಲ, ಒಳ್ಳೆದಾಯ್ತು," ಎಂದು ಹೇಳಿ ಹಿತ್ತಿಲಿಗೆ ಹೋದಳು. ಕಿಟಕಿಯಿಂದ ಕಾಣುತ್ತಿತ್ತು, ಬಂಡೆಯ ಪಕ್ಕ ಕುಳಿತು ಬೆರಳಿನಿಂದ ಆ ಕಪ್ಪು ಹುಡಿಯನ್ನು ಕೆರೆಯುತ್ತಿದ್ದಳು. ಎರಡು ಬೈಗುಳವಾದರೂ ಬೈದಿದ್ದರೆ ನನಗೆ ಅಂದು ರಾತ್ರಿ ಅನ್ನ ಇಳಿಯುತ್ತಿತ್ತು.

ಪಂಕಜಾ ಮಾತ್ರ ಬಾಕಿ ಇಡಲಿಲ್ಲ. "ಅಲ್ಲ, ಒಬ್ಬರನ್ನು ಕೊಲ್ಲಲೇಬೇಕು ಅಂತ ಇದ್ದರೆ ನನ್ನ ಅಮ್ಮನನ್ನು ಕೊಲ್ಲುತ್ತೀರಿ ಅಂದುಕೊಂಡಿದ್ದೆ. ಹೆತ್ತವರನ್ನೇ! ಅದೂ ಕಾರ್ಬನ್ ಇಟ್ಟು!"

ಆಗಲೇ ಅಮ್ಮನಿಗೆ ವಿಷಯದ ತುದಿ ಸಿಕ್ಕಿದ್ದು. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು, ಕನ್ನಡಕ ಸರಿಮಾಡಿ ನನ್ನನ್ನು ನೋಡಿದರು.

"ದಾಮೋದರಾ, ಸತ್ತದ್ದು ನಾನಾ?"

ನಾನು ತಲೆ ತಗ್ಗಿಸಿದೆ. "ತಪ್ಪಾಯ್ತಮ್ಮ. ಮಗುವಿಗೆ ಸೀಟು ಸಿಗಲಿ ಅಂತ..."

"ಅದಕ್ಕೆ ಎಂತ ಬೇಜಾರು ಮಾರಾಯ," ಎಂದರು ಅಮ್ಮ. "ಆ ಮಗುವಿಗೆ ಸೀಟು ಸಿಗುವುದಾದರೆ ನಾನು ನಿಜವಾಗಿಯೂ ಸಾಯುತ್ತಿದ್ದೆ. ಆದರೆ ನೀನು ಅವಳ ಮಾತನ್ನು ಅವಳನ್ನೇ ಬರೆಯಲಿಕ್ಕೆ ಬಿಡಬಾರದಿತ್ತಾ?"